ಒತ್ತಕ್ಷರಕ್ಕೆ ಜಾಗ

ಅಪ್ಪನಿಗೆ ಈಗ ಎಂಬತ್ತೊಂದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ಬೆಳಗಿನ ಕಾಫಿ ಮುಗಿಸಿ ಜಗುಲಿಯ ಬಿಸಿಲಿಗೆ ಬೆನ್ನು ಕೊಟ್ಟು ಓದಲು ಕೂತರೆ ಸ್ನಾನಕ್ಕೆ ಕರೆಯುವವರೆಗೆ ಏಳುವವರಲ್ಲ. ಹೋದ ಚಳಿಗಾಲದಲ್ಲಿ ಅವರ ಕೈ ಸಣ್ಣಗೆ ನಡುಗತೊಡಗಿತು. ದಪ್ಪ ಪುಸ್ತಕ ಹಿಡಿದರೆ ಸಾಲು ತಪ್ಪುತ್ತಿತ್ತು. ಓದು ನಿಂತರೆ ಅವರು ಅವರಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಊರಿಗೆ ಹೊರಟಾಗ ಚೀಲದಲ್ಲಿ ಮೂರು ಯಂತ್ರ ಇಟ್ಟುಕೊಂಡೆ: ನನ್ನ ಫೋನು, ಹತ್ತಿಂಚಿನ ಟ್ಯಾಬ್ಲೆಟ್ಟು, ಆರಿಂಚಿನ ಇ-ಇಂಕ್ ರೀಡರ್.

ಫೋನು ಜಗುಲಿಯಲ್ಲೇ ಸೋತಿತು. "ನನ್ನ ಮುಖವೇ ಕಾಣ್ತದಲ್ಲೋ" ಎಂದರು ಅಪ್ಪ. ಫೋನಿನ ಪರದೆ ತನ್ನ ಬೆಳಕನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಸೂರ್ಯನ ಎದುರು ಆ ಬೆಳಕು ಎಷ್ಟರದು? ಮೇಲಿನ ಗಾಜು ಕನ್ನಡಿಯಾಗಿಬಿಡುತ್ತದೆ. ನೆರಳಿಗೆ ಬಂದು ಅಕ್ಷರ ದೊಡ್ಡದು ಮಾಡಿಕೊಟ್ಟೆ. ಆಗ ಇನ್ನೊಂದು ತೊಡಕು. ನಮ್ಮ ಪದಗಳು ಪ್ರತ್ಯಯಗಳನ್ನು ಬಾಲಕ್ಕೆ ಕಟ್ಟಿಕೊಂಡು ಉದ್ದವಾಗುತ್ತವೆ. 'ಹೋಗಬೇಕಾಗಿತ್ತಂತೆ' ಎಂಬ ಒಂದೇ ಪದ ಒಂದು ಸಾಲು ತಿಂದಿತು. ಸಾಲಿಗೆ ಒಂದೆರಡೇ ಪದವಾದರೆ ವಾಕ್ಯದ ಓಟ ಕೈಗೆ ಸಿಗುವುದಿಲ್ಲ.

ಟ್ಯಾಬ್ಲೆಟ್ಟಿನಲ್ಲಿ ಪುಟ ಪೂರ್ತಿ ಕಂಡಿತು, ಅಪ್ಪನ ಮುಖ ಅರಳಿತು. ಆದರೆ ಅದರ ತೂಕ ಅರ್ಧ ಕಿಲೋ. ಐದು ನಿಮಿಷಕ್ಕೆ ತೊಡೆಗೆ ಇಳಿಯಿತು, ಹತ್ತು ನಿಮಿಷಕ್ಕೆ ಕುತ್ತಿಗೆ ಬಗ್ಗಿತು. ಬಿಸಿಲಲ್ಲಿ ಅದೂ ಫೋನಿನ ಅಣ್ಣನೇ.

ಇ-ಇಂಕ್ ರೀಡರನ್ನು ಜಗುಲಿಗೆ ಒಯ್ದಾಗ ಮಾತ್ರ ಅಪ್ಪ ಏನೂ ಹೇಳದೆ ಓದಲು ಶುರುಮಾಡಿದರು. ಅದರ ಪರದೆಯೊಳಗೆ ಕೂದಲೆಳೆಯ ದಪ್ಪದ ಲಕ್ಷಗಟ್ಟಲೆ ಗುಳಿಗೆಗಳಿವೆ. ಒಂದೊಂದರಲ್ಲೂ ಕಪ್ಪು ಕಣ, ಬಿಳಿ ಕಣ. ವಿದ್ಯುತ್ತಿನ ಸೆಳೆತಕ್ಕೆ ಯಾವುದು ಮೇಲೆ ಬರುತ್ತದೋ ಆ ಬಣ್ಣ ಕಾಣುತ್ತದೆ. ಒಮ್ಮೆ ಮೇಲೆ ಬಂದ ಕಣ ಬ್ಯಾಟರಿಯ ಹಂಗಿಲ್ಲದೆ ಅಲ್ಲೇ ನಿಲ್ಲುತ್ತದೆ. ಕಾಗದದ ಹಾಗೆ ಹೊರಗಿನ ಬೆಳಕನ್ನೇ ತಿರುಗಿಸಿ ಕೊಡುವುದರಿಂದ ಬಿಸಿಲು ಏರಿದಷ್ಟೂ ಅಕ್ಷರ ನಿಚ್ಚಳ. ತೂಕ ಇನ್ನೂರು ಗ್ರಾಮಿನ ಆಸುಪಾಸು. ಗೆದ್ದೆ ಎಂದುಕೊಂಡೆ.

ಮರುದಿನ ಅಪ್ಪ ಕೇಳಿದರು: "ಇಲ್ಲಿ ಇರೋದು ಧನವೋ, ದನವೋ?"

ಕರಡು ತಿದ್ದುವುದು ನನ್ನ ಕಸುಬು. ಆ ಪ್ರಶ್ನೆ ನನ್ನನ್ನು ನೆಟ್ಟಗೆ ಬಂದು ತಾಗಿತು. ಅವರಿಗೆ ಬೇಕಾದ ಹಳೆಯ ಕನ್ನಡ ಪುಸ್ತಕಗಳು ಸಿಕ್ಕುವುದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ. ಅದು ಪುಟದ ಚಿತ್ರ. ಅಕ್ಷರ ಮಾತ್ರ ಹಿಗ್ಗಿಸಿ ಸಾಲು ಮರುಜೋಡಿಸಲು ಬರುವುದಿಲ್ಲ. ಡೆಮಿ 1/8 ಪುಸ್ತಕದ ಪುಟ ಸುಮಾರು 14 ಸೆಂ.ಮೀ. ಅಗಲ. ಆರಿಂಚಿನ ಪರದೆಯ ಅಗಲ 9 ಸೆಂ.ಮೀ. 14 ಪಾಯಿಂಟಿನಲ್ಲಿ ಅಚ್ಚಾದದ್ದು 9 ಪಾಯಿಂಟಿಗೆ ಇಳಿಯುತ್ತದೆ. ಇಂಚಿಗೆ 300 ಚುಕ್ಕಿ ಇದ್ದರೂ ಎಂಬತ್ತರ ಕಣ್ಣಿಗೆ ಅದರಿಂದ ಏನು ಸಿಕ್ಕೀತು?

ಇಂಗ್ಲಿಷಿನ ಅಕ್ಷರ ಇಷ್ಟು ಕುಗ್ಗಿದರೂ ತಡೆದುಕೊಂಡೀತು. ನಮ್ಮದು ಹಾಗಲ್ಲ. ದ, ಧ ಬೇರೆಯಾಗುವುದು ಅಡಿಯ ಒಂದು ಸಣ್ಣ ಸೀಳಿನಿಂದ. ಧ, ಥ ನಡುವೆ ಇರುವುದು ಒಂದು ಚುಕ್ಕಿ. ಪ, ಷ ನಡುವೆ ಹೊಟ್ಟೆಯೊಳಗಿನ ಒಂದು ಗೀಟು. 'ರಾಷ್ಟ್ರ', 'ಶಾಸ್ತ್ರ' ಬಂದರೆ ಮೇಲೆ ತಲೆಕಟ್ಟು, ನಡುವೆ ಅಕ್ಷರ, ಕೆಳಗೆ ಒತ್ತಿನ ಮಗ್ಗುಲಿಗೆ ಇನ್ನೊಂದು ಒತ್ತು. ಒಂದು ಸಾಲೆಂದರೆ ಮಹಡಿ ಮನೆ. ಅಂಗೈ ಯಂತ್ರದ ಓದಿನ ಸುಖವನ್ನು ಕನ್ನಡಿಗರು ಅಳೆಯಬೇಕಾದ್ದು ಈ ಕೆಳಮನೆಯಿಂದ, ಒತ್ತಿನಿಂದ.

ಸಿಂಪ್ಯೂಟರ್ ನೆನಪಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ, ಓದು ಬಾರದವರಿಗೂ ಒದಗುವ ಅಗ್ಗದ ಕೈಗಣಕ ಬೇಕೆಂದು ಕಟ್ಟಿದ್ದು. 2004ರಲ್ಲಿ ಪಿಕೋಪೆಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಅದನ್ನು 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಗೆಳೆಯನೊಬ್ಬನ ಕೈಯಲ್ಲಿ ಅದನ್ನು ನೋಡಿದ್ದೆ. ಪರದೆ 240 ಚುಕ್ಕಿ ಅಗಲ, 320 ಚುಕ್ಕಿ ಎತ್ತರ. ಎಂಟು ಚುಕ್ಕಿ ಎತ್ತರದಲ್ಲಿ ಇಂಗ್ಲಿಷ್ ಅಕ್ಷರ ನಿಲ್ಲುತ್ತದೆ. ಒತ್ತು ಸಮೇತ ಕನ್ನಡ ನಿಲ್ಲಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಅಷ್ಟು ಪುಟ್ಟ ಅಂಗಳದಲ್ಲಿ ನಮ್ಮ ನುಡಿಗೂ ಮಣೆ ಹಾಕಬೇಕೆಂದು ಯೋಚಿಸಿದವರ ಮೇಲೆ ನನಗೆ ಇಂದಿಗೂ ದೊಡ್ಡ ಗೌರವ. ಆ ಯಂತ್ರ ಹೆಚ್ಚು ಮಾರಾಟವಾಗಲಿಲ್ಲ. ಆದರೆ ಪುಟ್ಟ ಪರದೆಯಲ್ಲಿ ಒತ್ತಿಗೆ ಜಾಗವೆಲ್ಲಿ ಎಂದು ಅದು ಎತ್ತಿದ ಪ್ರಶ್ನೆ ನಮ್ಮ ಜಗುಲಿಯ ಮೇಲೆ ಹಾಗೇ ಕೂತಿತ್ತು.

ದಾರಿ ಹುಡುಕಿದ್ದು ಅಪ್ಪ. ಮೂರನೆಯ ದಿನ ರೀಡರನ್ನು ಅಡ್ಡ ತಿರುಗಿಸಿ ಎರಡೂ ಕೈಯಲ್ಲಿ ಹಿಡಿದು, "ಓಲೆಗರಿ ಹಿಡಿದ ಹಾಗೆ ಹಿಡಿದರೆ ಪುಟವೂ ಅಡ್ಡ ಬರ್ತದಾ ನೋಡು" ಎಂದರು. ಸೆಟ್ಟಿಂಗ್ ಬದಲಿಸಿದೆ, ಪುಟದ ಅಂಚಿನ ಬಿಳಿ ಕತ್ತರಿಸಿದೆ. ಅಡ್ಡ ಹಿಡಿದಾಗ ಪರದೆಯ ಅಗಲ 12 ಸೆಂ.ಮೀ. ಅಂಚು ಬಿಟ್ಟರೆ ಪುಸ್ತಕದ ಸಾಲಿನ ಉದ್ದ ಅದಕ್ಕಿಂತ ತುಸು ಕಡಿಮೆಯೇ. ಅಂದರೆ ಅಕ್ಷರ ಅಚ್ಚಿನ ಅಳತೆಗೇ ಬಂದು ಕೂತಿತು. ಒಂದು ಪುಟಕ್ಕೆ ಎರಡು ಸಲ ಒತ್ತಬೇಕು, ಅಷ್ಟೆ. ಎರಡೂ ಕೈ ಹಿಡಿತ ಕೊಟ್ಟಿದ್ದರಿಂದ ನಡುಕವೂ ಕಡಿಮೆ. ಮನೆಯಲ್ಲಿ ಅಜ್ಜನ ಕಾಲದ ಓಲೆಗರಿಯ ಕಟ್ಟೊಂದಿದೆ. ಕಬ್ಬಿಣದ ಕಂಟದಿಂದ ಕೊರೆದು ಮಸಿ ತಿಕ್ಕಿದ ಉದ್ದುದ್ದ ಸಾಲುಗಳು, ಅಂಗೈಯಲ್ಲಿ ಹಿಡಿಯುವ ಅಗಲ. ಅಪ್ಪನ ಕೈಗೆ ಆ ಪಾಠ ಅಲ್ಲಿಂದಲೇ ಬಂದಿರಬೇಕು.

ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ಪದಕೋಶಕ್ಕೆ ಮಾತ್ರ ಈ ಉಪಾಯ ನಡೆಯಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, 1,700ಕ್ಕೂ ಮಿಕ್ಕಿ ಪುಟಗಳ ಆ ಕೋಶದ ಪುಟ ದೊಡ್ಡದು, ಅಕ್ಷರ ಚಿಕ್ಕದು. ಅದಕ್ಕೆ ಟ್ಯಾಬ್ಲೆಟ್ಟೇ ಸರಿ. ಒಳಮನೆಯ ಮೇಜಿನ ಮೇಲೆ ಪುಟ್ಟ ವ್ಯಾಸಪೀಠಕ್ಕೆ ಅದನ್ನು ಒರಗಿಸಿಟ್ಟು ಬಂದಿದ್ದೇನೆ. ಅಪ್ಪ ಜಗುಲಿಯಲ್ಲಿ ಓದುತ್ತ ಓದುತ್ತ ಯಾವುದೋ ಪದಕ್ಕೆ ನಿಂತು, ಗೋಡೆ ಹಿಡಿದು ಒಳಗೆ ಹೋಗಿ, ಅರ್ಥ ನೋಡಿಕೊಂಡು ಮತ್ತೆ ಬಿಸಿಲಿಗೆ ಬರುತ್ತಾರಂತೆ. ಒಂದು ಬೆಳಿಗ್ಗೆಗೆ ನಾಲ್ಕೈದು ಸಲ ಎಂದು ಅಮ್ಮ ಫೋನಿನಲ್ಲಿ ಹೇಳಿದಳು.