ಕೊಡುವ ಮುನ್ನ ಕೇಳೋಣ

2009ರ ಅಕ್ಟೋಬರ್ ಆರಂಭದಲ್ಲಿ ಬಿಜಾಪುರ ಜಿಲ್ಲೆ ಕಂಡರಿಯದ ಮಳೆಗೆ ತತ್ತರಿಸಿತು. ಡೋಣಿ ಉಕ್ಕಿ ಹರಿಯಿತು, ಮಣ್ಣಿನ ಮನೆಗಳು ಕುಸಿದವು. ದೇವರ ಹಿಪ್ಪರಗಿಯಲ್ಲಿ ನೆರವು ಕೂಡಿಸುವ ಹೊಣೆ ನಮ್ಮ ಪಾಲಿಗೆ ಬಂದಿತು. ಯಾರನ್ನೂ ಕೇಳದೆ ಹಳೆಯ ಬಟ್ಟೆಗಳನ್ನು ಗಂಟುಗಟ್ಟಲೆ ಒಯ್ದೆವು. ಬಿಚ್ಚಿದರೆ ಅರ್ಧಕ್ಕರ್ಧ ಹರಕು, ಕೊಳಕು.

"ಅರಿವಿ ಸಾಕ್ರಿ ಅಪ್ಪಾರ, ಒಂದು ಹಂಚು ಕೊಡ್ರಿ, ರೊಟ್ಟಿ ನಾವ ಬಡಕೋತೀವಿ" ಎಂದಳು ಒಬ್ಬ ತಾಯಿ.

ನಾವು ತಲೆತಗ್ಗಿಸಿದೆವು. ಶರಣರ ಬಟ್ಟೆಗಳನ್ನು ಮಡಿ ಮಾಡಿದ ಮಾಚಿದೇವರ ಜನ್ಮಭೂಮಿಯಿಂದ ಮಾಸಿದ ಬಟ್ಟೆ ಒಯ್ದಿದ್ದೆವಲ್ಲ! ಮರುದಿನ ಮನೆಮನೆಗೆ ಹೋಗಿ ಕೇಳಿ ಪಟ್ಟಿ ಮಾಡಿದೆವು: ಹಂಚು, ಜೋಳದ ಹಿಟ್ಟು, ಸೀಮೆಎಣ್ಣೆ, ತಾಡಪತ್ರಿ. ಒಳ್ಳೆಯ ಬಟ್ಟೆಗಳನ್ನಷ್ಟೇ ಆಯ್ದು, ಒಗೆದು, ಒಣಗಿಸಿ ಕೊಟ್ಟೆವು.

ಶರಣಬಂಧುಗಳೇ, ನಮಗೆ ಬೇಡವಾದುದನ್ನು ದಾಟಿಸುವುದು ದಾನವೂ ಅಲ್ಲ. ಅವರಿಗೆ ಬೇಕಾದುದನ್ನು ಕೇಳಿ ತಿಳಿದು, ಬಾಗಿ ಸಲ್ಲಿಸುವುದೇ ದಾಸೋಹ.