ಠಾಣೆಯ ದಫ್ತರ

ಪೋಲೀಸ ಠಾಣೆಗೆ ಹೋದವರು ಫೌಜದಾರರ ಖುರ್ಚಿಯನ್ನು ನೋಡಿ ಬರುತ್ತಾರೆ. ಪಕ್ಕದ ಕೋಣೆಯಲ್ಲಿ ಗೋಡೆಗೆ ಬೆನ್ನು ಮಾಡಿ ಕುಳಿತು ಬರೆಯುವ ಹವಾಲ್ದಾರನನ್ನು, ಎಂದರೆ ನಾವು ರೈಟರನೆಂದು ಕರೆಯುವ ಪ್ರಾಣಿಯನ್ನು, ಗಮನಿಸುವವರು ವಿರಳ. ಆದರೆ ಫೌಜದಾರರು ಬರುತ್ತಾರೆ, ಹೋಗುತ್ತಾರೆ. ದಫ್ತರವು ಇದ್ದಲ್ಲಿಯೇ ಇರುತ್ತದೆ. ಯಾವ ಓಣಿಯಲ್ಲಿ ಯಾರನ್ನು ಅನುಮಾನಿಸಬೇಕು, ಅಪರಾತ್ರಿಯಲ್ಲಿ ಯಾರ ಬಾಗಿಲನ್ನು ತಟ್ಟಬೇಕು ಎಂಬ ವಿದ್ಯೆಯು ಒಬ್ಬ ಅಧಿಕಾರಿಯಿಂದ ಮತ್ತೊಬ್ಬನಿಗೆ ಸಾಗಿಬರುವುದು ಆ ದಫ್ತರದ ಮುಖಾಂತರವೇ. 1955ರಲ್ಲಿ ಮುಂಬಯಿ ರಾಜ್ಯದ ಶಿಪಾಯಿಯಾಗಿ ಸೇರಿ, ಮರುವರ್ಷ ಕುಳಿತಲ್ಲಿಯೇ ಮೈಸೂರು ರಾಜ್ಯದವನಾಗಿ, 1973ರಲ್ಲಿ ಮತ್ತೆ ಕುಳಿತಲ್ಲಿಯೇ ಕರ್ನಾಟಕದವನಾಗಿ, ಸೇವೆಯ ಬಹುಭಾಗವನ್ನು ಆ ಮೇಜಿನ ಹಿಂದೆ ಸವೆಸಿದವನು ನಾನಾದ್ದರಿಂದ, ಪೋಲೀಸ ಕಾನೂನಿಗೆ ಹೊಸ ತಿದ್ದುಪಡಿ ಬರಲಿದೆಯೆಂಬ ಸುದ್ದಿಯನ್ನು ಓದಿದಾಗಲೆಲ್ಲ ನನ್ನ ಮನಸ್ಸು ಮಸೂದೆಯ ಕಲಮುಗಳಿಗಿಂತ ಮೊದಲು ದಫ್ತರದ ಕಪಾಟಿನ ಕಡೆಗೆ ಓಡುತ್ತದೆ.

ಆ ಕಪಾಟಿನ ಪರಿಚಯವು ನನಗೆ ಬಾಲ್ಯದಿಂದಲೇ ಆಗಿತ್ತು. ತಂದೆಯವರೂ ಅದೇ ಇಲಾಖೆಯವರು. ಹುಬ್ಬಳ್ಳಿ, ಗದಗು, ವಿಜಾಪುರ, ಸೊಲ್ಲಾಪುರ ಈ ಊರುಗಳಲ್ಲಿ ಮುಂಬಯಿ ಸರಕಾರವು ‘ಸೆಟ್ಲಮೆಂಟು’ಗಳನ್ನು ಸ್ಥಾಪಿಸಿದ್ದ ಕಾಲವದು. 1871ರಲ್ಲಿ ಉತ್ತರ ಹಿಂದೂಸ್ಥಾನಕ್ಕಾಗಿ ಹುಟ್ಟಿ, 1911ರಲ್ಲಿ ದೇಶವ್ಯಾಪಿಯಾಗಿ, 1924ರಲ್ಲಿ ಮತ್ತಷ್ಟು ಬಿಗಿಯಾದ ‘ಕ್ರಿಮಿನಲ್ ಟ್ರೈಬ್ಸ್’ ಕಾನೂನು ಕೆಲವು ಜನಾಂಗಗಳಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯನನ್ನು ಅಪರಾಧಿಯೆಂದು ಎಣಿಸುತ್ತಿತ್ತು. ಹರಣಶಿಕಾರಿಗಳು, ಘಂಟಿಚೋರರು, ಕೊರಚರು, ಛಪ್ಪರಬಂದರು ಮುಂತಾದವರ ಹೆಸರುಗಳು ಪಟ್ಟಿಗೆ ಸೇರಿ, ಬೆರಳಿನ ಗುರುತುಗಳು ಕಾಗದಕ್ಕೆ ಇಳಿದು, ನೇಮಿಸಿದ ಹೊತ್ತಿಗೆ ಹಾಜರಿ ಕೊಡುವುದು ಅವರ ನಿತ್ಯವಿಧಿಯಾಯಿತು. ಅವರಲ್ಲಿ ಅನೇಕರು ಹಗಲೆಲ್ಲ ನೂಲಿನ ಗಿರಣಿಯಲ್ಲಿಯೋ ರೈಲ್ವೆ ಕಾರಖಾನೆಯಲ್ಲಿಯೋ ಬೆವರು ಸುರಿಸಿ ದುಡಿಯುವವರೇ. ಆದರೂ ಸಂಜೆಯ ಹೊತ್ತಿಗೆ, ಮೈಮೇಲಿನ ಹತ್ತಿಯ ಧೂಳನ್ನು ಕೊಡವಲೂ ಬಿಡುವಿಲ್ಲದೆ, ಸಾಲಾಗಿ ನಿಂತು ತಮ್ಮ ಹೆಸರನ್ನು ಕೂಗಿದಾಗ ಓಗೊಡುವುದನ್ನು ನಾನು ತಂತಿಬೇಲಿಯ ಹೊರಗಿನಿಂದ ಕಂಡಿದ್ದೇನೆ. ಪರವಾನಗಿಯ ಚೀಟಿಯಿಲ್ಲದೆ ನೆಂಟರ ಮದುವೆಗೆ ಹೋದರೂ ಅದು ಗುನ್ಹೆ. ಆ ಕಾನೂನಿನ ಮೇರೆಗೆ ಪಟ್ಟಿಯಲ್ಲಿದ್ದವನಿಗೆ ಕೆಲವು ಅಪರಾಧಗಳಲ್ಲಿ ಎರಡನೆಯ ಸಲ ಶಿಕ್ಷೆಯಾದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ, ಮೂರನೆಯ ಸಲಕ್ಕೆ ಆಜೀವ ಕರಿನೀರು. ಅದೇ ಕಳವನ್ನು ಪಟ್ಟಿಯ ಹೊರಗಿನವನು ಮಾಡಿದರೆ ಈ ನಿರ್ಬಂಧವಿರಲಿಲ್ಲ.

ಮುಂಬಯಿ ಸರಕಾರವು 1949ರಲ್ಲಿ ಈ ಕಾನೂನನ್ನು ರದ್ದುಮಾಡಿತು. ಅನಂತಶಯನಂ ಅಯ್ಯಂಗಾರರ ಸಮಿತಿಯ ವರದಿಯ ತರುವಾಯ 1952ರ ಆಗಸ್ಟ್ 31ರಂದು ದೇಶದಲ್ಲೆಲ್ಲ ಅದು ಕೊನೆಗೊಂಡಿತು. ತಂತಿಬೇಲಿ ಕಿತ್ತುಹೋಯಿತು, ಹಾಜರಿಯ ಗಂಟೆ ನಿಂತಿತು. ಆದರೆ ಬೇಲಿಯನ್ನು ಕೀಳುವುದು ಎಷ್ಟು ಸುಲಭವೋ ಪುಸ್ತಕವನ್ನು ಮುಚ್ಚುವುದು ಅಷ್ಟು ಸುಲಭವಲ್ಲವೆಂಬುದನ್ನು ನಾನು ಕಂಡದ್ದು ಸೇವೆಗೆ ಸೇರಿದ ಮೇಲೆ. ನಾನಿದ್ದ ಮೊದಲನೆಯ ಠಾಣೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ಹಳೆಯ ಹಾಜರಿ ಪುಸ್ತಕಗಳ ಹೆಸರುಗಳು ಒಂದೊಂದಾಗಿ ‘ಹಿಸ್ಟರಿ ಶೀಟು’ಗಳಿಗೆ ನಡೆದುಬಂದಿದ್ದವು. ಕಾನೂನು ಬಿಟ್ಟುಕೊಟ್ಟವರನ್ನು ದಫ್ತರವು ಹಿಡಿದುಕೊಂಡಿತ್ತು. ಇದು ಯಾರೋ ಒಬ್ಬನ ದುಷ್ಟತನದಿಂದ ಆದದ್ದೆಂದು ನನಗೆ ತೋರುವುದಿಲ್ಲ. ಪುಸ್ತಕವೊಂದು ರದ್ದಾದಾಗ ಅದರೊಳಗಿನ ಮಾಹಿತಿ ನಷ್ಟವಾಗಬಾರದೆಂಬ ಕಾರಕೂನನ ಸಹಜ ಶ್ರದ್ಧೆಯೇ ಅದಕ್ಕೆ ಸಾಕಾಗಿತ್ತು.

1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ನಮ್ಮ ಇಲಾಖೆಯಲ್ಲಿ ಉಂಟಾದ ಗೊಂದಲವನ್ನು ಇಂದಿನವರು ಊಹಿಸಲಾರರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ನಮಗೆ 1951ರ ಮುಂಬಯಿ ಪೋಲೀಸ ಕಾನೂನು; ಹಳೆಯ ಮೈಸೂರಿನವರಿಗೆ 1908ರದು; ಮಂಗಳೂರಿನ ಕಡೆಯವರಿಗೆ 1859ರ ಮದ್ರಾಸಿನದು; ಕಲಬುರ್ಗಿ, ರಾಯಚೂರು, ಬೀದರುಗಳವರಿಗೆ ನಿಜಾಮನ ಕಾಲದ ಫಸಲಿ ವರ್ಷದ್ದು. ನಾವು ಫೌಜದಾರರೆಂದು ಕರೆಯುತ್ತಿದ್ದವರನ್ನು ನಿಜಾಮನ ಕಡೆಯವರು ಅಮೀನರೆನ್ನುವರು. ನಮ್ಮ ಹವಾಲ್ದಾರ ಮೈಸೂರಿನಲ್ಲಿ ದಫೇದಾರ. ಒಂದೇ ಬಂದೋಬಸ್ತಿಗೆ ಬಂದ ನಾಲ್ಕು ಕಡೆಯ ಶಿಪಾಯಿಗಳು ಸಲಾಮು ಹೊಡೆಯುವ ರೀತಿಯಲ್ಲಿಯೂ ಒಂದಾಗಿರಲಿಲ್ಲ.

ಇದೆಲ್ಲ ನಗೆಯ ಮಾತಾಯಿತು. ನಗೆಯಲ್ಲದ್ದು ಬಡತಿಯ ಪ್ರಶ್ನೆ. ಎಲ್ಲಿಯ ಜಮಾದಾರನು ಎಲ್ಲಿಯ ದಫೇದಾರನಿಗೆ ಸಮ, ಯಾರ ಸೇವೆಯ ವರ್ಷಗಳು ಯಾವ ದರ್ಜೆಯಿಂದ ಎಣಿಕೆಗೆ ಬರುತ್ತವೆ, ಒಂದು ಪ್ರಾಂತದಲ್ಲಿ ಪಾಸಾದ ಇಲಾಖೆಯ ಪರೀಕ್ಷೆ ಇನ್ನೊಂದರಲ್ಲಿ ನಡೆಯುತ್ತದೆಯೋ ಇಲ್ಲವೋ ಎಂಬ ಚರ್ಚೆಗಳು ಚಹದ ಅಂಗಡಿಯಿಂದ ಉಚ್ಚ ನ್ಯಾಯಾಲಯದವರೆಗೂ ವರ್ಷಗಟ್ಟಲೆ ನಡೆದವು. ಪುನರ್ವಿಂಗಡಣೆಯ ಕಾನೂನಿನ 115ನೆಯ ಕಲಮು ನೌಕರರ ಸೇವಾನಿಯಮಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕೆಂದು ವಿಧಿಸಿತ್ತಷ್ಟೆ. ಹಿಂದೆ ತಮ್ಮ ಹುಟ್ಟಿದ ದಿನವನ್ನೂ ಸರಿಯಾಗಿ ಹೇಳಲಾರದಿದ್ದ ಶಿಪಾಯಿಗಳು ಆ ಕಲಮನ್ನು ಕಂಠಪಾಠ ಒಪ್ಪಿಸುತ್ತಿದ್ದರು. ತಾತ್ಪೂರ್ತಿಕ ಜ್ಯೇಷ್ಠತಾ ಪಟ್ಟಿ, ಅದಕ್ಕೆ ಆಕ್ಷೇಪ, ಆಕ್ಷೇಪದ ಮೇಲೆ ತಿದ್ದಿದ ಪಟ್ಟಿ, ತಿದ್ದಿದ್ದಕ್ಕೆ ಮತ್ತೆ ತಾತ್ಪೂರ್ತಿಕವೆಂಬ ವಿಶೇಷಣ: ಹೀಗೆ ಪಟ್ಟಿಗಳು ಬರುತ್ತಿರುವಾಗಲೇ ಅನೇಕರು ಪೆನ್ಶನ್ ಪಡೆದು ಊರು ಸೇರಿದರು. ನನ್ನ ಹೆಸರೂ ಮೇಲೆ ಕೆಳಗೆ ಆಡಿತೆಂಬುದನ್ನು ಹೇಳಿ ಈ ಪುರಾಣವನ್ನು ಮುಗಿಸುತ್ತೇನೆ.

ಏಕರೂಪದ ಪೋಲೀಸ ಮಸೂದೆಯು ಶ್ರೀ ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ ವಿಧಾನಸೌಧದಲ್ಲಿ ಅಂಗೀಕೃತವಾಗಿ, 1963ರ ಮೈಸೂರು ಪೋಲೀಸ ಅಧಿನಿಯಮವೆಂಬ ಹೆಸರಿನಿಂದ 1965ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಅದರ ಪ್ರತಿಯು ಠಾಣೆಗೆ ಬಂದ ದಿವಸ ಹಿರಿಯ ಹವಾಲ್ದಾರರೊಬ್ಬರು ಅದನ್ನು ತಿರುವಿಹಾಕಿ, “ಇದು ನಮ್ಮ ಮುಂಬಯಿಯದೇ ಅಲ್ಲವೇನು, ಅಂಗಿ ಬದಲಿಸಿಕೊಂಡು ಬಂದಿದೆ” ಎಂದರು. ಅವರ ಮಾತಿನಲ್ಲಿ ಬಹಳ ಸತ್ಯವಿತ್ತು. ಗಡಿಪಾರಿನ ಕಲಮುಗಳು ಹಾಗೆಯೇ ಬಂದಿದ್ದವು. ಆದರೆ ಪೋಲೀಸನ ಕರ್ತವ್ಯಗಳನ್ನು ಹೇಳುವ ಭಾಗವೂ ಬಂದಿತ್ತು, ಮತ್ತು ನಾನು ಈಗಲೂ ಹೇಳುತ್ತೇನೆ, ಅದನ್ನು ಬರೆದವನು ಸಹೃದಯ. ಬೀದಿಯಲ್ಲಿ ಅಸಹಾಯನಾಗಿ ಬಿದ್ದವನಿಗೆ ನೆರವಾಗಬೇಕು; ಶೋಧ ಮಾಡುವಾಗ ಅನವಶ್ಯಕವಾದ ಒರಟುತನವನ್ನು ತೋರಬಾರದು; ಸ್ತ್ರೀಯರೊಡನೆ, ಮಕ್ಕಳೊಡನೆ ಸಭ್ಯತೆಯಿಂದ, ಮೃದುವಾಗಿ ನಡೆದುಕೊಳ್ಳಬೇಕು. ಇವೆಲ್ಲವೂ ಉಪದೇಶವಾಗಿಯಲ್ಲ, ಶಾಸನವಾಗಿಯೇ ಅಚ್ಚಾಗಿದ್ದವು. ಆ ಪುಟವನ್ನು ನಮ್ಮ ಠಾಣೆಯಲ್ಲಿ ಪರೀಕ್ಷೆಗೆ ಕಟ್ಟುವವರ ಹೊರತು ಯಾರೂ ಓದಿದ್ದನ್ನು ನಾನು ಕಾಣೆ.

ಓದದಿರುವುದಕ್ಕೆ ಕಾರಣವಿತ್ತು. ಮೃದುತ್ವಕ್ಕೆ ದಫ್ತರದಲ್ಲಿ ಕಾಲಮಿಲ್ಲ. ವರ್ಷದ ಕೊನೆಗೆ ಮೇಲಿನಿಂದ ಬರುವ ನಮೂನೆಯಲ್ಲಿ ಎಷ್ಟು ಕಳವುಗಳು ಪತ್ತೆಯಾದವು, ಎಷ್ಟು ಮುದ್ದೇಮಾಲು ವಶವಾಯಿತು, ದಂಡಪ್ರಕ್ರಿಯಾ ಸಂಹಿತೆಯ 109 ಮತ್ತು 110ನೆಯ ಕಲಮುಗಳಂತೆ ಎಷ್ಟು ಜನರಿಂದ ಒಳ್ಳೆಯ ನಡತೆಯ ಜಾಮೀನು ಬರೆಯಿಸಿಕೊಳ್ಳಲಾಯಿತು ಎಂದು ಕೇಳುತ್ತಿದ್ದರೇ ಹೊರತು, ಎಷ್ಟು ಮಂದಿ ನಿರಪರಾಧಿಗಳ ಬಾಗಿಲನ್ನು ನೀವು ತಟ್ಟಲಿಲ್ಲವೆಂದು ಕೇಳುತ್ತಿರಲಿಲ್ಲ. ‘ಗುಡ್ ಸರ್ವಿಸ್ ಎಂಟ್ರಿ’ ಬೀಳುವುದು ಸಂಖ್ಯೆಗಳಿಂದ. ಬಡತಿಯ ಪಟ್ಟಿಯಲ್ಲಿ ಹೆಸರು ಏರುವುದು ಆ ಎಂಟ್ರಿಗಳಿಂದ. ಮತ್ತು ಸಂಖ್ಯೆಗಳು ಅತ್ಯಂತ ಸುಲಭವಾಗಿ ದೊರೆಯುವ ಸ್ಥಳವೆಂದರೆ, ಹೆಸರು, ತಂದೆಯ ಹೆಸರು, ಚಹರೆ, ಎಲ್ಲವೂ ಮೊದಲೇ ಬರೆದಿಟ್ಟ ಹಳೆಯ ಸೆಟ್ಲಮೆಂಟಿನ ಓಣಿ. ಶಾಸನವು ಕರ್ತವ್ಯವನ್ನು ಒಂದು ಪುಸ್ತಕದಲ್ಲಿ ಬರೆದಿತ್ತು, ಪ್ರತಿಫಲವು ಇನ್ನೊಂದು ಪುಸ್ತಕದಲ್ಲಿತ್ತು. ಶಿಪಾಯಿಯು ಎರಡನೆಯದನ್ನು ಓದಿಕೊಂಡನು. ಹೆಂಡಿರು ಮಕ್ಕಳಿರುವ ಮನುಷ್ಯನು ಬೇರೆ ಏನನ್ನು ಓದಿಯಾನು?

ಒಂದು ಸಂಗತಿಯನ್ನು ಹೇಳಬೇಕು. ವರ್ಷಾಂತ್ಯವು ಸಮೀಪಿಸಿ, ನಮ್ಮ ಅಂಕಿಗಳು ನೆರೆಯ ಠಾಣೆಯ ಅಂಕಿಗಳಿಗಿಂತ ಹಿಂದೆ ಬಿದ್ದಿದ್ದ ಒಂದು ಚಳಿಗಾಲದಲ್ಲಿ, ಗಸ್ತಿನವರು ನಸುಕಿನಲ್ಲಿ ಒಬ್ಬ ಮುದುಕನನ್ನು ಕರೆತಂದರು. 109ನೆಯ ಕಲಮಿಗೆ ಬೇಕಾದ ಶಬ್ದಗಳು ಸಿದ್ಧವಾಗಿಯೇ ಇರುತ್ತಿದ್ದವು: ಕತ್ತಲಲ್ಲಿ ಅಡಗಿ ಅಲೆಯುತ್ತಿದ್ದನು, ಜೀವನೋಪಾಯವನ್ನು ತೃಪ್ತಿಕರವಾಗಿ ತಿಳಿಸಲಾರನು. ಮುದುಕನು ಏನನ್ನೂ ವಾದಿಸಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಅಂಗಿಯ ಒಳಜೇಬಿನಿಂದ ಎಣ್ಣೆಗಟ್ಟಿದ ಒಂದು ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟನು. ಅದು ಗಿರಣಿಯ ಮುಂಜಾನೆಯ ಪಾಳಿಯ ಟಿಕೀಟು. ಆತನು ಅಡಗಿ ಅಲೆಯುತ್ತಿದ್ದುದು ಕೆಲಸಕ್ಕೆ ಹೋಗುವ ದಾರಿಯಲ್ಲಿ. ಮ್ಯಾಜಿಸ್ಟ್ರೇಟರು ಅದನ್ನು ಎರಡು ಸಲ ತಿರುಗಿಸಿ ನೋಡಿ ಆತನನ್ನು ಬಿಟ್ಟುಬಿಟ್ಟರು. ಪ್ರಕರಣವು ಬಿದ್ದುಹೋಯಿತು, ಆದರೆ ಆತನ ಹಾಳೆಯ ಮೇಲೆ, ಇಂಥ ದಿನ ಇಂಥ ಕಲಮಿನ ಮೇರೆಗೆ ಹಿಡಿಯಲ್ಪಟ್ಟನೆಂಬ ಸಾಲು ಉಳಿಯಿತು. ಬಿಡುಗಡೆಯಾದದ್ದನ್ನು ಬರೆಯಲು ಸ್ಥಳವಿತ್ತು, ನಿಯಮವೂ ಇತ್ತು, ರೂಢಿಯಿರಲಿಲ್ಲ.

ಆಮೇಲಿನ ಬದಲಾವಣೆಗಳನ್ನು ವಿಸ್ತರಿಸುವುದಿಲ್ಲ. ವಂಶಪಾರಂಪರ್ಯದ ಪೋಲೀಸ ಪಾಟೀಲರು ಹೋದರು. ಚಡ್ಡಿ ಹೋಗಿ ಪ್ಯಾಂಟು ಬಂದಿತು. ಹತ್ತನೆಯ ಇಯತ್ತೆಯವರ ಜಾಗಕ್ಕೆ ಪದವೀಧರರು ಬಂದರು. ಹೆಣ್ಣುಮಕ್ಕಳು ಬಂದು ಠಾಣೆಯ ಭಾಷೆ ಕೊಂಚ ಶುದ್ಧವಾಯಿತು. 1961ರ ರೂಢಿಗತ ಅಪರಾಧಿಗಳ ಕಾನೂನು ಹುಟ್ಟನ್ನು ಬಿಟ್ಟು, ಮೇಲಿಂದ ಮೇಲೆ ಶಿಕ್ಷೆಗೊಳಗಾಗುವುದನ್ನು ಲಕ್ಷಣವನ್ನಾಗಿ ಮಾಡಿತೆಂಬುದು ನಿಜವಾದರೂ, ಮೇಲಿಂದ ಮೇಲೆ ಹಿಡಿಯಲ್ಪಡುವ ಭಾಗ್ಯವು ಯಾರದೆಂಬುದನ್ನು ಈಗಾಗಲೇ ಹೇಳಿದ್ದೇನೆ. ನಾನು ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ, 2006ರಲ್ಲಿ, ಪ್ರಕಾಶ ಸಿಂಗರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಪೋಲೀಸ ಸುಧಾರಣೆಯ ಆದೇಶವಿತ್ತಿತು. 2012ರಲ್ಲಿ ನಮ್ಮ ಶಾಸನಸಭೆಯು ಪೋಲೀಸ ಅಧಿನಿಯಮವನ್ನು ತಿದ್ದಿ ವರ್ಗಾವಣೆ ಮುಂತಾದವುಗಳಿಗೆ ಒಂದು ಮಂಡಳಿಯನ್ನೂ ಜನರ ದೂರುಗಳಿಗೆ ಒಂದು ಪ್ರಾಧಿಕಾರವನ್ನೂ ಏರ್ಪಡಿಸಿತು. ಒಳ್ಳೆಯದೇ. ನಮ್ಮ ಕಾಲದಲ್ಲಿ ಶಿಪಾಯಿಯ ಮೇಲಿನ ದೂರನ್ನು ಬರೆದುಕೊಳ್ಳುವವನು ಇನ್ನೊಬ್ಬ ಶಿಪಾಯಿಯೇ ಆಗಿದ್ದನು.

ಆದರೆ ಅದಕ್ಕೂ ಒಂದು ವರ್ಷ ಮುಂಚೆ ಅದೇ ಅಧಿನಿಯಮಕ್ಕೆ 36ಎ ಎಂಬ ಕಲಮೊಂದು ಸೇರಿದುದನ್ನು ಕಂಡು ನಾನು ಬೆಚ್ಚಿದೆನು. ಹಿಜಡಾ ಜನರಲ್ಲಿ ಅನುಮಾನಕ್ಕೆ ಪಾತ್ರರಾದವರ ಹೆಸರು ಮತ್ತು ವಾಸಸ್ಥಳಗಳ ಪುಸ್ತಕವನ್ನಿಡಲು ಪೋಲೀಸ ಆಯುಕ್ತರಿಗೆ ಅದು ಅಧಿಕಾರವನ್ನು ಕೊಡುತ್ತಿತ್ತು. 1871ರ ಕಾನೂನಿನ ಎರಡನೆಯ ಭಾಗವು ಇದೇ ಜನರ ವಿಷಯವಾಗಿ ಇಂಥದೇ ಪುಸ್ತಕವನ್ನು ವಿಧಿಸಿತ್ತು. ನೂರ ನಲವತ್ತು ವರ್ಷಗಳ ತರುವಾಯ, ಸ್ವತಂತ್ರ ದೇಶದ ಶಾಸನಸಭೆಯಲ್ಲಿ, ಅದು ಹೇಗೆ ಮತ್ತೆ ಎದ್ದು ಕುಳಿತಿತೆಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿದೆ: ಮಸೂದೆಯನ್ನು ಬರೆಯುವವರೂ ಹಳೆಯ ದಫ್ತರವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಾರೆ. ಆ ಸಮುದಾಯದವರು ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ 2016ರಲ್ಲಿ ತಿದ್ದುಪಡಿಯಾಗಿ, ಆ ಜನರ ಹೆಸರಿದ್ದಲ್ಲಿ ‘ವ್ಯಕ್ತಿಗಳು’ ಎಂದು ಸೇರಿತು. ಕಲಮು ಮಾತ್ರ ಹೋಗಲಿಲ್ಲ.

ಈಚೆಗೆ, 2024ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ಮೊಮ್ಮಗನಿಂದ ಓದಿಸಿಕೇಳಿದೆನು. ಸೆರೆಮನೆಯ ಪುಸ್ತಕಗಳಲ್ಲಿರುವ ಜಾತಿಯ ಕಾಲಮನ್ನು ತೆಗೆದುಹಾಕಬೇಕೆಂದೂ, ವಿಮುಕ್ತ ಜನಾಂಗದವರನ್ನು, ಎಂದರೆ ಹಿಂದೆ ಆ ಪಟ್ಟಿಯಲ್ಲಿದ್ದ ಜನಾಂಗಗಳವರನ್ನು, ಮನಬಂದಂತೆ ಬಂಧಿಸಲಾಗದೆಂದೂ ಅಕ್ಟೋಬರದ ತೀರ್ಪು ಹೇಳುತ್ತದೆ. ಮೇ ತಿಂಗಳಿನದು ದಿಲ್ಲಿಯ ಒಂದು ಹಿಸ್ಟರಿ ಶೀಟಿನ ವಿಷಯವಾಗಿ ಹುಟ್ಟಿದುದು. ಹಿಂದುಳಿದ ಜನರ ಮೇಲೆ ಇಂಥ ಹಾಳೆಗಳು ಯಾಂತ್ರಿಕವಾಗಿ ತೆರೆಯಲ್ಪಡಬಾರದೆಂದೂ, ಹಿರಿಯ ಅಧಿಕಾರಿಯೊಬ್ಬರು ಕಾಲಕಾಲಕ್ಕೆ ಅವುಗಳನ್ನು ತಪಾಸಿಸಬೇಕೆಂದೂ ಹೇಳಿ, ಉಳಿದ ರಾಜ್ಯಗಳೂ ಇದನ್ನು ವಿಚಾರಿಸಲಿ ಎಂದಿದೆ. ನಮ್ಮ ರಾಜ್ಯದಲ್ಲಿ ಅಂಥ ತಪಾಸಣೆಗೆ ಹೊರಡುವ ಅಧಿಕಾರಿಗೆ ಹಳೆಯ ರೈಟರನ ಒಂದು ಸೂಚನೆಯಿದೆ. ಅವರು ಅಪರಾಧಗಳ ಪುಟದಿಂದ ಆರಂಭಿಸಬಾರದು. ‘ಬಂಧುಗಳು ಮತ್ತು ಸಹಚರರು’ ಎಂಬ ಪುಟವನ್ನು ಮೊದಲು ತೆರೆಯಬೇಕು. ಅಲ್ಲಿ ತಂದೆಯ ಹೆಸರಿನ ಮುಂದೆ ಇನ್ನೊಂದು ಹಾಳೆಯ ಸಂಖ್ಯೆ, ಆ ಹಾಳೆಯಲ್ಲಿ ಅಜ್ಜನದು, ಅಜ್ಜನದರಲ್ಲಿ ಸೆಟ್ಲಮೆಂಟಿನ ಹಾಜರಿಯ ನಂಬರು ಸಿಕ್ಕಿದರೆ, ಮುಂದಿನ ಪುಟಗಳನ್ನು ಓದುವ ಶ್ರಮವನ್ನು ಅವರು ತೆಗೆದುಕೊಳ್ಳಬೇಕಾಗಿಲ್ಲ.