ದಂಡು ಹೋಯಿತು, ದರ್ಜಿ ಉಳಿದ

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕುಂಬ್ಳೆ ವೃತ್ತದಿಂದ ಬ್ರಿಗೇಡ್ ರಸ್ತೆಯ ಮೂಲೆಯವರೆಗೆ ಒಮ್ಮೆ ನಿಧಾನವಾಗಿ ನಡೆಯಿರಿ. ಅಂಗಡಿಗಳ ಸಾಲೆಲ್ಲ ದಕ್ಷಿಣದ ಪಕ್ಕದಲ್ಲೇ ಇದೆ. ಟಾಕೀಸಿನಲ್ಲಿ ಕೂತ ಪ್ರೇಕ್ಷಕರ ಹಾಗೆ ಎಲ್ಲವೂ ಉತ್ತರಕ್ಕೇ ಮುಖ ಮಾಡಿವೆ. ಎದುರಿಗೆ ಈಗ ಕಾಣುವುದು ಮೆಟ್ರೋ ಕಂಬಗಳು. ಆದರೆ ಈ ಸಾಲು ಕೂತದ್ದು ಮೆಟ್ರೋ ನೋಡುವುದಕ್ಕಲ್ಲ, ಅದರಾಚೆಗಿನ ಮೈದಾನದಲ್ಲಿ ಸಿಪಾಯಿಗಳು ಕವಾಯತು ಮಾಡುವುದನ್ನು ನೋಡುವುದಕ್ಕೆ. ರಸ್ತೆಯ ಹೆಸರೇ ಆಗ ಸೌತ್ ಪೆರೇಡ್. 1948ರಲ್ಲಿ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿಟ್ಟರು. ಕವಾಯತಿನ ಬೀದಿಗೆ ಅಹಿಂಸೆಯ ಹೆಸರು. ಯಾರೂ ನಗಲಿಲ್ಲ, ಪೇಟೆ ವ್ಯಾಪಾರವೂ ನಿಲ್ಲಲಿಲ್ಲ.

ಈ ಭಾಗವನ್ನು ಹುಟ್ಟಿಸಿದ್ದರಲ್ಲಿ ಜ್ವರಕ್ಕೂ ಪಾಲಿದೆ. 1799ರಲ್ಲಿ ಟಿಪ್ಪುವನ್ನು ಗೆದ್ದ ಇಂಗ್ಲಿಷರ ಪಡೆ ಶ್ರೀರಂಗಪಟ್ಟಣದಲ್ಲಿ ತಳವೂರಿತ್ತು. ಕಾವೇರಿ ದಂಡೆಯ ಜ್ವರಕ್ಕೆ ಸೈನಿಕರು ಒಬ್ಬರ ಹಿಂದೊಬ್ಬರು ಮಲಗತೊಡಗಿದರು. ಕೋಟೆ ಗೆದ್ದವರು ಸೊಳ್ಳೆಗೆ ಸೋತು, ತಂಪು ಹವೆ ಹುಡುಕುತ್ತ ಹಲಸೂರಿನ ಬಯಲಿಗೆ ಬಂದರು. 1809ರ ಹೊತ್ತಿಗೆ ಅಲ್ಲೊಂದು ದಂಡು ನಿಂತಿತ್ತು.

ದಂಡಿನ ನಕ್ಷೆಯಲ್ಲಿ ಕಾವ್ಯವಿಲ್ಲ, ಕೆಲಸವಿದೆ. ಕಾಲಾಳುಗಳ ಬ್ಯಾರಕ್ಕಿನ ಕಡೆಗೆ ಇನ್‌ಫೆಂಟ್ರಿ ರಸ್ತೆ, ಕುದುರೆ ಸವಾರರ ಕಡೆಗೆ ಕ್ಯಾವಲ್ರಿ ರಸ್ತೆ. ಕ್ಯಾವಲ್ರಿ ರಸ್ತೆ ಮುಂದೆ ಕಾಮರಾಜ ರಸ್ತೆಯಾಯಿತು. ಇನ್‌ಫೆಂಟ್ರಿ ಹೆಸರು ಮಾತ್ರ ಇನ್ನೂ ಜನರ ಬಾಯಲ್ಲಿದೆ. ಅಲ್ಲಿ ಈಗ ಪೊಲೀಸ್ ಕಮಿಷನರ ಕಚೇರಿ ಇರುವುದರಿಂದ ಬೂಟಿನ ಸದ್ದು ಪೂರ್ತಿ ನಿಂತಿಲ್ಲ.

ಪೇಟೆಯ ಕಡೆಯವರಿಗೆ ಇದು ಪರದೇಶವೇ. ಚಾಮರಾಜಪೇಟೆಯ ನಮ್ಮ ಸೋದರತ್ತೆ, "ದಂಡಿನ ಕಡೆ ಹೊರಟಿದ್ದೀಯೇನೋ? ಕತ್ತಲಾಗೋದ್ರೊಳಗೆ ಬಂದುಬಿಡು" ಎನ್ನುತ್ತಿದ್ದರು, ಗಡಿ ದಾಟಿ ಹೋಗುವವನಿಗೆ ಹೇಳುವಂತೆ. ಅವರ ಮಾತು ಉತ್ಪ್ರೇಕ್ಷೆಯೇನಲ್ಲ. 1862ರಿಂದಲೇ ಪೇಟೆಗೊಂದು, ದಂಡಿಗೊಂದು ಮುನಿಸಿಪಾಲಿಟಿ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು. ಅಲ್ಲಿ ರೆಸಿಡೆಂಟನ ಆಡಳಿತ, ಇಲ್ಲಿ ಮಹಾರಾಜರದು. ನಡುವೆ ಕಬ್ಬನ್ ಪಾರ್ಕು. ಗಡಿಯಲ್ಲಿ ಬೇಲಿ ಹಾಕುವ ಬದಲು ಮರ ನೆಟ್ಟ ಊರು ನಮ್ಮದು. 1947ರಲ್ಲಿ ದಂಡು ಮೈಸೂರಿಗೆ ವಾಪಸ್ಸು ಬಂತು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು.

ಈಗ ಸೈನ್ಯ ಬಿಟ್ಟುಹೋದ ನೆಲಕ್ಕೆ ಮರುಬಳಕೆಯ ಯೋಜನೆ ಬರೆಯಲು ಸಲಹೆಗಾರರು ಬೇಕು, ಬಣ್ಣದ ನಕ್ಷೆಗಳು ಬೇಕು. ಬೆಂಗಳೂರು ದಂಡಿನಲ್ಲಿ ಆ ಕೆಲಸ ಸೈನ್ಯ ಇರುವಾಗಲೇ ಶುರುವಾಗಿತ್ತು, ಅದೂ ಯಾರೂ ಹೇಳದೆ. ಸಾವಿರಾರು ಸಿಪಾಯಿಗಳು ಒಂದೆಡೆ ಕೂತರೆ ರೊಟ್ಟಿ ಬೇಕು, ಮಾಂಸ ಬೇಕು, ಸಮವಸ್ತ್ರ ಹೊಲಿಯುವವರು, ಕುದುರೆಗೆ ಲಾಳ ಹೊಡೆಯುವವರು ಬೇಕು. ತಮಿಳು ಸೀಮೆಯಿಂದ ಮೊದಲಿಯಾರರು ಬಂದರು. ಗುತ್ತಿಗೆದಾರರು, ಬಟ್ಲರುಗಳು, ದರ್ಜಿಗಳು, ದಖನಿ ಮಾತಿನ ವ್ಯಾಪಾರಿಗಳು ಬಂದರು. 1824ರಲ್ಲಿ ಇರಾನಿನ ಶಿರಾಜಿನಿಂದ ಕುದುರೆ ಹೊಡೆದುಕೊಂಡು ಹದಿನಾರರ ಹುಡುಗನೊಬ್ಬ ಬಂದ. ಅವನೇ ಆಗಾ ಅಲಿ ಅಸ್ಕರ್. ಕುದುರೆ ಮಾರಿದ, ಬ್ರಿಟಿಷ್ ಕಮಿಷನರ್ ಕಬ್ಬನ್‌ನ ಸ್ನೇಹ ಗಳಿಸಿದ, ಸಾಲು ಸಾಲು ಬಂಗಲೆ ಕಟ್ಟಿಸಿದ. ಅವನ ಮೊಮ್ಮಗ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾದರು. ದಂಡಿಗೆ ಕುದುರೆ ಕೊಟ್ಟ ಮನೆತನ ಇಡೀ ಸಂಸ್ಥಾನಕ್ಕೆ ದಿವಾನರನ್ನು ಕೊಟ್ಟಿತು.

ಈ ಪ್ರದೇಶದ ಮಾತು ಬಂದರೆ ಸಾಕು, ಎಲ್ಲರೂ ಚರ್ಚಿಲ್ ಕಥೆ ತೆಗೆಯುತ್ತಾರೆ. 1896ರಲ್ಲಿ ಅಶ್ವದಳದ ಎಳೆಯ ಅಧಿಕಾರಿಯಾಗಿ ಬಂದು ಪೋಲೋ ಆಡಿದ, ದಪ್ಪ ದಪ್ಪ ಇತಿಹಾಸ ಗ್ರಂಥ ಓದಿದ, ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದ. ಆ 13 ರೂಪಾಯಿಯನ್ನು ಬೆಂಗಳೂರಿಗರು ಬಿರುದಿನಂತೆ ಹೇಳಿಕೊಳ್ಳುತ್ತಾರೆ. ನನ್ನ ಕುತೂಹಲ ಬೇರೆ: ಅವನ ಅಂಗಿ ಹೊಲಿದವನ ಬಾಕಿ ಚುಕ್ತಾ ಆಯಿತೋ ಇಲ್ಲವೋ? ಚರ್ಚಿಲ್ ಕೆಲವೇ ವರ್ಷಗಳಲ್ಲಿ ಹೊರಟುಹೋದ. ಅಂಗಿ ಹೊಲಿದವನ ಓಣಿ ಅಲ್ಲೇ ಇದೆ.

ಆ ಓಣಿಗಳ ಹೆಸರೇ ಶಿವಾಜಿನಗರ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಮುಂದೆ ನಿಂತರೆ ಹಣ್ಣಿನವನು ನನ್ನೊಡನೆ ಕನ್ನಡದಲ್ಲಿ, ಪಕ್ಕದ ಗಿರಾಕಿಯೊಡನೆ ತಮಿಳಿನಲ್ಲಿ, ಕೂಲಿಯವನೊಡನೆ ದಖನಿಯಲ್ಲಿ ಒಂದೇ ಉಸಿರಿಗೆ ಚೌಕಾಸಿ ಮುಗಿಸುತ್ತಾನೆ. ಫ್ರೇಜರ್ ಟೌನಿಗೆ ಸರಕಾರ ಪುಲಿಕೇಶಿನಗರ ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು. ರಮ್ಜಾನಿನ ಸಂಜೆ ಮಸೀದಿ ರಸ್ತೆಯಲ್ಲಿ ಸಮೋಸ ತಿನ್ನುವವರಿಗೆ ಅದು ಫ್ರೇಜರ್ ಟೌನೇ. 1902ರಿಂದ ನಡೆಯುತ್ತಿರುವ ಆಲ್ಬರ್ಟ್ ಬೇಕರಿಯೂ ಅಲ್ಲೇ ಇದೆ. ಸಾಮ್ರಾಜ್ಯ ಮುಳುಗಿತು, ಒಲೆ ಆರಲಿಲ್ಲ.

ಸೈನ್ಯವೂ ಪೂರ್ತಿ ಹೋಗಿಲ್ಲ. ಮಾಣೆಕ್ ಷಾ ಹೆಸರಿನ ಪೆರೇಡ್ ಮೈದಾನ, ಹಲಸೂರು ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್‌ನ ಜಾಗ ಇನ್ನೂ ಅವರದೇ. ಗೋಡೆಯೊಳಗೆ ಮರಗಳು ತಣ್ಣಗಿವೆ, ಹೊರಗೆ ಚದರಡಿಯ ಲೆಕ್ಕ ಕುದಿಯುತ್ತಿದೆ. ರಸ್ತೆ ಅಗಲ ಮಾಡಬೇಕೆಂದಾಗಲೆಲ್ಲ ರಕ್ಷಣಾ ಇಲಾಖೆಗೂ ರಾಜ್ಯಕ್ಕೂ ಕಾಗದ ಓಡಾಡುತ್ತದೆ. ನಗರದ ಕೈಗೆ ಬಂದ ಕಡೆ ಏನಾಯಿತು ಎನ್ನುವುದಕ್ಕೆ ಎಂ.ಜಿ. ರಸ್ತೆಯೇ ಸಾಕ್ಷಿ: ನೆರಳಿನ ನಡಿಗೆದಾರಿಯ ಮೇಲೆ 2011ರಿಂದ ರೈಲು ಓಡುತ್ತಿದೆ. ರೈಲು ಬೇಡವೆಂದಲ್ಲ, ನಾನೂ ಅದರಲ್ಲೇ ಬರುವವನು. ಆದರೆ ದಂಡಿನ ನೆಲಕ್ಕೆ ಜೀವ ಬಂದದ್ದು ಕಂಬಗಳಿಂದಲ್ಲ, ಅಕ್ಕಪಕ್ಕದ ಓಣಿಗಳಲ್ಲಿ ಹೊಲಿಗೆ ಯಂತ್ರ, ಒಲೆ, ತಕ್ಕಡಿ ಇಟ್ಟುಕೊಂಡು ಕೂತವರಿಂದ. ಅವರಿಗೆ ಯಾವ ನಕ್ಷೆಯಲ್ಲೂ ಬಣ್ಣ ಹಚ್ಚಿರಲಿಲ್ಲ.

ಹಾಗಾಗಿ ನಾಳೆ ಆ ಮೈದಾನದಲ್ಲೊಂದು ತುಂಡು ನಗರಕ್ಕೆ ದಕ್ಕಿದರೆ, ಯೋಜನೆ ಬರೆಯುವವರು ಮೊದಲು ಶಿವಾಜಿನಗರಕ್ಕೆ ಹೋಗಿ ಒಂದೊಂದು ಅಂಗಿ ಹೊಲಿಸಿಕೊಳ್ಳಲಿ. ಕತ್ತರಿ ಹಿಡಿಯುವ ಮುಂಚೆ ಮೈ ಅಳತೆ ತೆಗೆಯಬೇಕೆಂಬ ಪಾಠ ಅಲ್ಲಿ ಹೊಲಿಗೆ ಕೂಲಿಯಲ್ಲೇ ಸಿಗುತ್ತದೆ.